ಹಳೆಯ ಜೀಪು ಕೊಳ್ಳುವ ಮುನ್ನ ಪರೀಕ್ಷಿಸಬೇಕಾದ ಯಂತ್ರದೋಷಗಳು



ಕೊಯ್ಲು ಮುಗಿದು, ಕಾಫಿಯೋ ಅಡಿಕೆಯೋ ಮಾರಾಟವಾಗಿ ಕೈಗೆ ನಾಲ್ಕು ಕಾಸು ಬಂದ ಮೇಲೆ ನಮ್ಮ ಸದಸ್ಯರು ಸಂಘದ ಕಚೇರಿಗೆ ಬಂದು ಕೇಳುವ ಪ್ರಶ್ನೆ ಒಂದುಂಟು. "ಬೆಂಗಳೂರಿನಲ್ಲಿ ಒಂದು ಥಾರ್ ಇದೆಯಂತೆ. ಮೂರೇ ವರ್ಷ ಓಡಿದೆಯಂತೆ. ತರಬಹುದೇ?" ಈ ಪ್ರಶ್ನೆಗೆ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವ ಬದಲು, ತಿಳಿದಷ್ಟನ್ನು ಒಂದೆಡೆ ಬರೆದಿಡುವುದು ಮೇಲೆಂದು ಈ ಲೇಖನವನ್ನು ಸಿದ್ಧಪಡಿಸಿದ್ದೇವೆ.

ತೋಟದವರಿಗೆ ಜೀಪು ಶೋಕಿಯ ವಸ್ತುವಲ್ಲ. ಗೊಬ್ಬರ ತರುವುದು, ಹಣ್ಣು ಪಲ್ಪರಿಗೆ ಸಾಗಿಸುವುದು, ಅಡಿಕೆ ಮಂಡಿಗೆ ಒಯ್ಯುವುದು, ಆಳುಗಳನ್ನು ಕರೆತರುವುದು ಎಲ್ಲವೂ ಅದರಲ್ಲೇ. ಮಳೆಗಾಲದ ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡವರನ್ನು ಆಸ್ಪತ್ರೆಗೆ ಮುಟ್ಟಿಸುವುದೂ ಅದೇ. ಆದ್ದರಿಂದ ತಪ್ಪು ಜೀಪು ಮನೆಗೆ ಬಂದರೆ ನಷ್ಟ ಹಣದಲ್ಲಿ ಮಾತ್ರ ಆಗುವುದಿಲ್ಲ.

ವಾಹನ ಎಲ್ಲಿಂದ ಬರುತ್ತಿದೆ?

ಹಿಂದೆ ನಮ್ಮ ಕಡೆಗೆ ಹಳೆಯ ಜೀಪುಗಳು ಬರುತ್ತಿದ್ದುದು ಸರಕಾರಿ ಹರಾಜಿನಿಂದ, ಇಲ್ಲವೆ ಪಕ್ಕದ ಎಸ್ಟೇಟಿನಿಂದ. ಈಗ ಬಹಳಷ್ಟು ಬರುತ್ತಿರುವುದು ಬೆಂಗಳೂರಿನ ಪೂರ್ವದ ಅಂಚಿನಿಂದ. ಮಹದೇವಪುರ, ವೈಟ್‌ಫೀಲ್ಡ್, ಮಾರತ್‌ಹಳ್ಳಿ, ಕಾಡುಗೋಡಿ ಈ ಭಾಗದವು. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರುವವರೆಗೂ ಮಹದೇವಪುರ ಬೇರೆಯೇ ನಗರಸಭೆಯಾಗಿತ್ತು. ಇಂದು ಅಲ್ಲಿ ಸಾಫ್ಟ್‌ವೇರ್ ಕಂಪನಿಗಳ ಸಾಲೇ ಇದೆ. ನಮ್ಮ ಅನೇಕ ಸದಸ್ಯರ ಮಕ್ಕಳೂ ಅಲ್ಲೇ ಕೆಲಸದಲ್ಲಿದ್ದಾರೆ. ಅಲ್ಲಿನ ಯುವಕರು ಆಸೆಯಿಂದ ಥಾರ್, ಜಿಪ್ಸಿ, ಜಿಮ್ನಿ ಮೊದಲಾದ ಕ್ರೀಡಾ ಮಾದರಿಯ ವಾಹನಗಳನ್ನು ಕೊಳ್ಳುತ್ತಾರೆ. ಎರಡು ಮೂರು ವರ್ಷದಲ್ಲಿ ಮದುವೆ, ಮಗು, ವರ್ಗಾವಣೆ, ಇಲ್ಲವೆ ದಿನನಿತ್ಯದ ವಾಹನ ದಟ್ಟಣೆಯ ಬೇಸರದಿಂದ ಮಾರುತ್ತಾರೆ. ಕೆಲವರ ಮಕ್ಕಳಿಗೆ ನೆಲಕ್ಕೆ ಅಂಟಿದಂತಿರುವ ನಿಜವಾದ ಸ್ಪೋರ್ಟ್ಸ್ ಕಾರಿನ ಮೇಲೂ ಕಣ್ಣು. ನಮ್ಮ ಮಣ್ಣು ರಸ್ತೆಗೆ ಅದು ಒಗ್ಗದು. ಆದರೂ ಕೆಳಗೆ ಹೇಳುವ ಪರೀಕ್ಷೆಗಳಲ್ಲಿ ಹೆಚ್ಚಿನವು ಅದಕ್ಕೂ ಸಲ್ಲುತ್ತವೆ.

ನಾವು ಕಂಡ ಒಂದು ಪ್ರಸಂಗ

ನಮ್ಮ ಸದಸ್ಯರೊಬ್ಬರು ಮಗನ ಒತ್ತಾಯಕ್ಕೆ ಮಹದೇವಪುರದ ಬಳಿಯ ಒಬ್ಬ ವ್ಯಾಪಾರಿಯಲ್ಲಿ ಥಾರ್ ಒಂದನ್ನು ಫೋಟೋದಲ್ಲೇ ಮೆಚ್ಚಿ, 25,000 ರೂಪಾಯಿ ಮುಂಗಡವನ್ನೂ ಕಳುಹಿಸಿಬಿಟ್ಟಿದ್ದರು. ಕಾಳುಮೆಣಸು ಮಾರಿ ಬಂದ ಹಣ ಅದು. ಆಮೇಲೆ ಮನಸ್ಸು ತಡೆಯದೆ ನಮ್ಮನ್ನೂ ಜೊತೆಗೆ ಕರೆದರು. ನಾವು, ನಮ್ಮೂರಿನ ಮೆಕ್ಯಾನಿಕ್ ಮತ್ತು ಅವರು, ಮೂವರೂ ಹೋದೆವು.

ಗಾಡಿ ಹೊಳೆಯುತ್ತಿತ್ತು. ಅಗಲವಾದ ಹೊಸ ಟೈರು, ಮುಂದೆ ನಾಲ್ಕು ದೀಪ, ಒಳಗೆ ಮಲ್ಲಿಗೆಯ ಸುವಾಸನೆ. ಮೆಕ್ಯಾನಿಕ್ ಮಾತ್ರ ಏನೂ ನೋಡದೆ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಬಿಸಿಯಾಗಿತ್ತು. "ಆಗಲೇ ಓಡಿಸಿ ಇಟ್ಟಿದ್ದಾರೆ ಸಾರ್. ಇವತ್ತು ಬೇಡ, ನಾಳೆ ಬೆಳಗ್ಗೆ ಬರೋಣ. ನಾವು ಬರುವವರೆಗೆ ಚಾಲೂ ಮಾಡಬೇಡಿ ಅಂತ ಹೇಳಿ" ಎಂದರು. ವ್ಯಾಪಾರಿಗೆ ಈ ಮಾತು ಹಿಡಿಸಲಿಲ್ಲ. ಆದರೂ ಒಪ್ಪಿದರು. ಮರುದಿನ ಏನಾಯಿತೆಂಬುದನ್ನು ಮುಂದೆ ಹೇಳುತ್ತೇವೆ.

ಚೀಲದ ಮೇಲಿನ ಬೀಜ ನೋಡಿ ಯಾರೂ ಕಾಫಿಗೆ ಬೆಲೆ ಕಟ್ಟುವುದಿಲ್ಲ. ಮೇಲೆ ಒಳ್ಳೆಯ ರಾಶಿ, ಕೆಳಗೆ ಗೊರಬಲು ತುಂಬಿದ ಅಡಿಕೆ ಚೀಲವನ್ನು ನಾವೆಲ್ಲ ಕಂಡಿದ್ದೇವೆ. ವಾಹನವೂ ಹಾಗೆಯೇ. ಹೊಳಪು ಇರುವ ಕಡೆ ದೋಷ ಇರುವುದಿಲ್ಲ. ಕೈ ತಳಕ್ಕೆ ಹೋಗಬೇಕು.

1. ತಣ್ಣನೆಯ ಎಂಜಿನ್

ಬಿಸಿಯಾದ ಎಂಜಿನ್ ತನ್ನ ರೋಗವನ್ನು ಮುಚ್ಚಿಡುತ್ತದೆ. ಆದ್ದರಿಂದ ರಾತ್ರಿಯಿಡೀ ನಿಂತ ವಾಹನವನ್ನು ಬೆಳಗ್ಗೆ ನೀವೇ ಚಾಲೂ ಮಾಡಿಸಬೇಕು. ಅದಕ್ಕೆ ಮುಂಚೆ ಮೂರು ಕೆಲಸ.

ಮೊದಲನೆಯದು, ಆಯಿಲ್ ಕಡ್ಡಿ ಎಳೆದು ನೋಡುವುದು. ಆಯಿಲ್ ಕಪ್ಪಾಗಿದ್ದರೆ ಡೀಸೆಲ್ ವಾಹನದಲ್ಲಿ ಅದು ದೋಷವಲ್ಲ. ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಎರಡನೆಯದು, ರೇಡಿಯೇಟರ್ ನೀರು. ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಮುಚ್ಚಳ ತೆಗೆಯಬೇಕು. ಬಿಸಿಯಿದ್ದಾಗ ತೆಗೆದರೆ ಮುಖ ಸುಡುತ್ತದೆ. ನೀರಿನ ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಶಯ ಪಡಬೇಕು. ಮೂರನೆಯದು, ನೆಲ. ವಾಹನ ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಎಲ್ಲಿದೆ, ಎಂಜಿನ್ ಕೆಳಗೋ, ಗೇರ್ ಬಾಕ್ಸ್ ಕೆಳಗೋ, ಹಿಂದಿನ ಹೌಸಿಂಗ್ ಕೆಳಗೋ ಎಂದು ಗುರುತಿಸಿಕೊಳ್ಳಿ.

ಚಾಲೂ ಮಾಡಿದ ಮೇಲೆ ಹೊಗೆಯ ಬಣ್ಣ ನೋಡಿ. ಚಳಿಯ ಬೆಳಗ್ಗೆ ಅರೆ ನಿಮಿಷ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಎಂಜಿನ್ ಬಿಸಿಯಾದರೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಸಿಲಿಂಡರಿಗೆ ಇಳಿಯುತ್ತಿರಬಹುದು, ಇಲ್ಲವೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ರಿಂಗು, ವಾಲ್ವ್ ಸೀಲು ಅಥವಾ ಟರ್ಬೋ ಸವೆದಿರಬಹುದು. ಕಪ್ಪು ಹೊಗೆಗೆ ಏರ್ ಫಿಲ್ಟರ್ ಕಟ್ಟಿರುವುದು ಅಥವಾ ಇಂಜೆಕ್ಟರ್ ದೋಷ ಕಾರಣ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಸಡಿಲಿಸಿ. ಅಲ್ಲಿಂದ ಬುಸುಬುಸು ಎಂದು ಹೊಗೆ ಒತ್ತಿ ಬಂದರೆ ಪಿಸ್ಟನ್ ರಿಂಗು ಸವೆದಿದೆ.

2. ಕಿಲೋಮೀಟರ್ ಲೆಕ್ಕವೂ ಗಂಟೆಯ ಲೆಕ್ಕವೂ

ಮೀಟರಿನಲ್ಲಿ 30,000 ಕಿಲೋಮೀಟರ್ ಎಂದಿದ್ದರೆ ನಮಗೆ ಕಡಿಮೆ ಎನಿಸುತ್ತದೆ. ಆದರೆ ಪಂಪ್‌ಸೆಟ್ಟಿಗೆ ನಾವು ಗಂಟೆ ಲೆಕ್ಕ ಇಡುವುದಿಲ್ಲವೇ? ಅದೇ ಲೆಕ್ಕ ಇಲ್ಲಿಯೂ ಹಾಕಿ ನೋಡಿ. ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 50 ಕಿ.ಮೀ. ಓಡಿದ ವಾಹನವಾದರೆ 30,000 ಕಿ.ಮೀ.ಗೆ ಎಂಜಿನ್ ದುಡಿದದ್ದು 600 ಗಂಟೆ. ಟಿನ್ ಫ್ಯಾಕ್ಟರಿಯಿಂದ ಮಾರತ್‌ಹಳ್ಳಿಯವರೆಗೆ ಗಂಟೆಗೆ 15 ಕಿ.ಮೀ.ಯಂತೆ ತೆವಳಿದ ವಾಹನವಾದರೆ ಅಷ್ಟೇ ದೂರಕ್ಕೆ 2,000 ಗಂಟೆ. ಮೀಟರು ಒಂದೇ, ಸವೆತ ಮೂರು ಪಟ್ಟಿಗೂ ಮೇಲು.

ಈ ತೆವಳಾಟದ ಪೆಟ್ಟು ಮೂರು ಕಡೆ ಬೀಳುತ್ತದೆ.

ಮೊದಲು ಕ್ಲಚ್ಚು. ಸಮತಟ್ಟಾದ ಖಾಲಿ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ಮೂರನೆಯ ಗೇರಿಗೆ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ಚನ್ನು ಮೆಲ್ಲಗೆ ಬಿಡಿ. ಎಂಜಿನ್ ತಟ್ಟನೆ ಆಫ್ ಆಗಬೇಕು. ಆಗದೆ ಹಾಗೇ ಓಡುತ್ತಿದ್ದರೆ ಪ್ಲೇಟು ಸವೆದಿದೆ. ಈ ಪರೀಕ್ಷೆ ಒಂದು ಸಲ ಸಾಕು. ಪದೇ ಪದೇ ಮಾಡಿದರೆ ಇರುವ ಪ್ಲೇಟೂ ಸುಡುತ್ತದೆ.

ಎರಡನೆಯದು ಟರ್ಬೋ. ಮೂರನೆಯ ಗೇರಿನಲ್ಲಿ ಏರು ಹತ್ತಿಸುವಾಗ ಸಣ್ಣ ಶಿಳ್ಳೆಯ ಸದ್ದು ಸಹಜ. ಅದು ಗರಗಸದ ಸದ್ದಿನಂತೆ ಜೋರಾಗಿದ್ದರೆ, ಅಥವಾ ಎಳೆತ ತಡೆತಡೆದು ಬರುತ್ತಿದ್ದರೆ ಸಂಶಯಿಸಬೇಕು. ಟರ್ಬೋದಿಂದ ಹೊರಡುವ ಗಾಳಿಯ ರಬ್ಬರ್ ಕೊಳವೆಯನ್ನು ಮೆಕ್ಯಾನಿಕ್ ಕಳಚಿ ನೋಡಲಿ. ಒಳಗೆ ತೆಳುವಾದ ಜಿಡ್ಡು ಇರಬಹುದು. ಎಣ್ಣೆ ನಿಂತಿರಬಾರದು.

ಮೂರನೆಯದು ಹೊಸ ಕಾಲದ ರೋಗ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಪೆಟ್ಟಿಗೆಯೊಂದನ್ನು ಸೈಲೆನ್ಸರ್ ಸಾಲಿನಲ್ಲಿ ಜೋಡಿಸಿರುತ್ತಾರೆ. ಮೆಕ್ಯಾನಿಕ್‌ಗಳು ಇದನ್ನು ಡಿ.ಪಿ.ಎಫ್. ಎನ್ನುತ್ತಾರೆ. ಹಿಡಿದ ಮಸಿ ಸುಟ್ಟು ಹೋಗಬೇಕಾದರೆ ವಾಹನ ಆಗಾಗ ಹತ್ತಿಪ್ಪತ್ತು ನಿಮಿಷವಾದರೂ ಹೆದ್ದಾರಿಯ ವೇಗದಲ್ಲಿ ಎಡೆಬಿಡದೆ ಓಡಬೇಕು. ಮನೆಯಿಂದ ಕಚೇರಿಗೆ ಐದು ಕಿಲೋಮೀಟರ್ ತೆವಳುವ ಗಾಡಿಗೆ ಆ ಭಾಗ್ಯವಿಲ್ಲ. ಮಸಿ ಸುಡಲು ಸುರಿದ ಡೀಸೆಲ್ ಉರಿಯದೆ ಆಯಿಲಿಗೆ ಇಳಿಯುತ್ತದೆ. ಆಗ ಕಡ್ಡಿಯಲ್ಲಿ ಆಯಿಲ್ ಮೇಲಿನ ಗುರುತನ್ನೂ ದಾಟಿರುತ್ತದೆ. ಬೆರಳಿಗೆ ತೆಳ್ಳಗೆ ಹತ್ತುತ್ತದೆ, ಡೀಸೆಲ್ ವಾಸನೆ ಬರುತ್ತದೆ. "ಆಯಿಲ್ ಫುಲ್ ಇದೆ ಸಾರ್" ಎಂದರೆ ಸಂತೋಷಪಡದೆ ಮೂಸಿ ನೋಡಿ. ಈ ಪೆಟ್ಟಿಗೆ ಬದಲಿಸುವ ಖರ್ಚು ಸಣ್ಣದಲ್ಲ. ನಮ್ಮ ತೋಟದ ಓಡಾಟವೂ ಗಿಡ್ಡ ಓಡಾಟವೇ ಆದ್ದರಿಂದ, ಕೊಂಡ ಮೇಲೆಯೂ ವಾರಕ್ಕೊಮ್ಮೆಯಾದರೂ ಹೆದ್ದಾರಿಗೆ ಒಯ್ಯುವ ಅಭ್ಯಾಸ ಒಳ್ಳೆಯದು.

3. ನೀರು ಕುಡಿದ ವಾಹನ

ಇದನ್ನು ಬಿಡಿಸಿ ಹೇಳಲೇಬೇಕು. 2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ ಸುಮಾರು 130 ಮಿ.ಮೀ. ಮಳೆ ಬಿತ್ತು. ನಮ್ಮ ಲೆಕ್ಕದಲ್ಲಿ ಐದು ಅಂಗುಲ. ಮಲೆನಾಡಿಗೆ ಅದು ಆಷಾಢದ ಒಂದು ದಿನದ ಮಳೆ. ಆದರೆ ಕೆರೆಗಳ ಕಾಲುವೆ ಮುಚ್ಚಿಹೋಗಿದ್ದ ಮಹದೇವಪುರ ವಲಯದಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಕೆರೆಯಂತಾದವು. ನೆಲಮಾಳಿಗೆಯಲ್ಲಿ ನಿಲ್ಲಿಸಿದ್ದ ಕಾರುಗಳು ಛಾವಣಿಯವರೆಗೆ ಮುಳುಗಿದವು. ಕೋಟಿ ಬೆಲೆಯ ಸ್ಪೋರ್ಟ್ಸ್ ಕಾರುಗಳು ನೀರಿನಲ್ಲಿ ನಿಂತಿದ್ದರೆ, ಅವುಗಳ ಒಡೆಯರನ್ನು ಕಚೇರಿಗೂ ಸುರಕ್ಷಿತ ಜಾಗಕ್ಕೂ ಸಾಗಿಸಿದ್ದು ಟ್ರ್ಯಾಕ್ಟರುಗಳು. ಪತ್ರಿಕೆಗಳಲ್ಲಿ ಆ ಚಿತ್ರ ನೋಡಿದ್ದು ನಿಮಗೂ ನೆನಪಿರಬಹುದು.

ಹೀಗೆ ಮುಳುಗಿದ ವಾಹನ ಎಲ್ಲಿಗೆ ಹೋಗುತ್ತದೆ? ದುರಸ್ತಿ ಖರ್ಚು ಹೆಚ್ಚೆಂದು ಕಂಡರೆ ವಿಮೆಯವರು ಪರಿಹಾರ ಕೊಟ್ಟು ವಾಹನವನ್ನು ಹರಾಜಿಗೆ ಬಿಡುವುದುಂಟು. ಕೊಂಡವರು ತೊಳೆದು, ಒಣಗಿಸಿ, ಸುವಾಸನೆ ಹೊಡೆದು ಮತ್ತೆ ಮಾರುಕಟ್ಟೆಗೆ ತರುತ್ತಾರೆ. ಆ ವರ್ಷ ಮಾತ್ರವಲ್ಲ, ಪ್ರತಿ ದೊಡ್ಡ ಮಳೆಯ ನಂತರವೂ ಇದು ನಡೆಯುವ ವ್ಯಾಪಾರ.

ನೀರು ಎಂಜಿನ್ನಿಗೆ ಏಕೆ ಶತ್ರು ಎಂಬುದನ್ನು ತಿಳಿದಿರಬೇಕು. ಪಿಸ್ಟನ್ ಗಾಳಿಯನ್ನು ಒತ್ತಬಲ್ಲದು, ನೀರನ್ನು ಒತ್ತಲಾರದು. ಸಿಲಿಂಡರಿನಲ್ಲಿ ನೀರಿರುವಾಗ ಕೀಲಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ವಲ್ಪವೇ ಬಾಗಿದರೆ ಎಂಜಿನ್ ಓಡುತ್ತದೆ. ಆದರೆ ಸಾವಿರಾರು ಕಿಲೋಮೀಟರ್ ನಂತರ ಒಂದು ದಿನ ರಾಡು ಮುರಿದು ಬ್ಲಾಕನ್ನೇ ಒಡೆಯಬಹುದು.

ಗುರುತು ಹಿಡಿಯುವ ಬಗೆ ಹೀಗೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ನೀರು ಅಷ್ಟೆತ್ತರ ಬಂದಿತ್ತು. ಸೀಟು ಜಾರುವ ಕಂಬಿಯ ಸಂದಿ, ಡ್ಯಾಶ್‌ಬೋರ್ಡಿನ ಅಡಿ, ಹಿಂದಿನ ದೀಪದ ಗೂಡು ಇಲ್ಲೆಲ್ಲ ಟಾರ್ಚ್ ಬಿಟ್ಟು ನೋಡಿ. ನುಣ್ಣನೆಯ ಒಣ ಮಣ್ಣು ಅಲ್ಲಿ ತಾನಾಗಿ ಬಂದು ಕೂರುವುದಿಲ್ಲ. ವೈರುಗಳು ಸೇರುವ ಕನೆಕ್ಟರಿನಲ್ಲಿ ಹಸಿರು ಕಿಲುಬು ಇದೆಯೇ ನೋಡಿ. 2020ರ ನಂತರದ ಥಾರ್‌ನ ಕೆಲವು ಮಾದರಿಗಳಲ್ಲಿ ನೆಲವನ್ನು ನೀರು ಹಾಕಿ ತೊಳೆಯಲು ಅನುಕೂಲವಾಗುವಂತೆ ಬಿರಡೆಯಿಟ್ಟಿರುತ್ತಾರೆ. ಆದ್ದರಿಂದ ಬರೀ ನೆಲದ ತೇವ ಕಂಡು ತೀರ್ಪು ಕೊಡಬಾರದು. ಸೀಟಿನ ಮಟ್ಟಕ್ಕೂ ಮೇಲೆ ಮಣ್ಣಿದೆಯೇ ಎಂಬುದೇ ಮುಖ್ಯ.

ಇನ್ನು ನಮ್ಮ ಪ್ರಸಂಗ. ಮರುದಿನ ಬೆಳಗ್ಗೆ ತಣ್ಣನೆಯ ಎಂಜಿನ್ ಆರು ಸಲ ಕೀಲಿ ತಿರುಗಿಸಿದ ಮೇಲೆ ಹತ್ತಿತು. ಮೆಕ್ಯಾನಿಕ್ ಸೀಟ್ ಬೆಲ್ಟ್ ಎಳೆದರು. ಮಾರು ದೂರ ಎಳೆದ ಮೇಲೆ ಕಂದು ಗೆರೆ ಕಂಡಿತು. ಹಿಂದಿನ ಹೌಸಿಂಗಿನ ಬಿರಡೆ ಬಿಚ್ಚಿಸಿದಾಗ ಬಂದ ಆಯಿಲ್ ಹಾಲು ಕಾಫಿಯಂತಿತ್ತು. ನಮ್ಮ ಸದಸ್ಯರು ಮಾತಾಡದೆ ಹೊರಗೆ ಬಂದರು. ಮುಂಗಡಕ್ಕೆ ರಸೀದಿ ಇರಲಿಲ್ಲ. 25,000 ರೂಪಾಯಿ ಹಿಂದಕ್ಕೆ ಬರಲಿಲ್ಲ. ಬಸ್ಸಿನಲ್ಲಿ ಬರುವಾಗ ಅವರು ಹೇಳಿದ್ದು ಇಷ್ಟೇ: "ಹೋದದ್ದು ಒಂದು ಮೂಟೆ ಮೆಣಸು. ಹೋಗಬೇಕಾಗಿದ್ದದ್ದು ಎರಡು ವರ್ಷದ ಬೆಳೆ."

4. ನಾಲ್ಕು ಗಾಲಿಯ ಎಳೆತ

ತೋಟದವರಿಗೆ ಈ ವಾಹನದ ಜೀವಾಳವೇ ಇದು. ಮೊದಲು ಒಂದು ಎಚ್ಚರಿಕೆ. 2023ರ ಜನವರಿಯಿಂದ ಹಿಂದಿನ ಎರಡು ಗಾಲಿಗೆ ಮಾತ್ರ ಎಳೆತವಿರುವ ಥಾರ್ ಕೂಡ ಮಾರಾಟಕ್ಕೆ ಬಂದಿದೆ. ಹೊರಗಿನಿಂದ ನೋಡಲು ಎರಡೂ ಒಂದೇ. ನಗರದವರಿಗೆ ಅದು ಸಾಕು, ಬೆಲೆಯೂ ಕಡಿಮೆ. ಆದರೆ ಆಷಾಢದ ಕೆಸರಿನಲ್ಲಿ ಅದು ನಮ್ಮ ಕೈ ಹಿಡಿಯದು. ಹಿಂದೆ ಅಂಟಿಸಿದ ಅಕ್ಷರವನ್ನು ನಂಬಬೇಡಿ. ಗೇರಿನ ಪಕ್ಕದಲ್ಲಿ ಎರಡನೆಯ ಸಣ್ಣ ಲಿವರ್ ಇದೆಯೇ ನೋಡಿ. ಕೆಳಗೆ ಬಗ್ಗಿ ಮುಂದಿನ ಗಾಲಿಗಳ ಕಡೆಗೂ ಪ್ರೊಪೆಲ್ಲರ್ ಶಾಫ್ಟ್ ಹೋಗಿದೆಯೇ ನೋಡಿ. ಆರ್.ಸಿ.ಯಲ್ಲಿ ಬರೆದ ಮಾದರಿಯನ್ನೂ ಹೋಲಿಸಿ.

ಲಿವರ್ ಇದ್ದರೆ ಸಾಲದು, ಕೆಲಸ ಮಾಡಬೇಕು. ನಗರದಲ್ಲಿ ಮೂರು ವರ್ಷ ಒಮ್ಮೆಯೂ ಬಳಸದೆ ಜಡವಾದ ಲಿವರುಗಳುಂಟು. ಈ ಪರೀಕ್ಷೆಯನ್ನು ಮಣ್ಣು ಅಥವಾ ಜಲ್ಲಿಯ ನೆಲದಲ್ಲಿ ಮಾಡಬೇಕು. ಒಣ ಡಾಂಬರಿನ ಮೇಲೆ ನಾಲ್ಕೂ ಗಾಲಿಗೆ ಎಳೆತ ಹಾಕಿ ತಿರುಗಿಸಿದರೆ ಗಾಲಿಗಳು ಜಾರಲು ಆಸ್ಪದವಿಲ್ಲದೆ ಶಾಫ್ಟು, ಗೇರುಗಳ ಮೇಲೆ ವೃಥಾ ಬಿಗಿತ ಬೀಳುತ್ತದೆ. ಹೈ ಮತ್ತು ಲೋ ಎರಡಕ್ಕೂ ಹಾಕಿ, ಮುಂದಕ್ಕೂ ಹಿಂದಕ್ಕೂ ಸ್ವಲ್ಪ ದೂರ ಓಡಿಸಿ. ಲೋ ಗೇರಿನಲ್ಲಿ ಇಳಿಜಾರು ಇಳಿಯುವಾಗ ಲಿವರ್ ತಾನಾಗಿ ಹಿಂದಕ್ಕೆ ಹಾರಿದರೆ ಟ್ರಾನ್ಸ್‌ಫರ್ ಕೇಸ್ ಸವೆದಿದೆ. ಅಂತಹ ವಾಹನ ಘಾಟಿಯಲ್ಲಿ ಪ್ರಾಣಕ್ಕೆ ಅಪಾಯ.

ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ತಿರುಚಿ. ಕಟಕಟ ಎಂದರೆ ಕ್ರಾಸ್ ಹೋಗಿದೆ. ಇದು ಸಣ್ಣ ಖರ್ಚು. ಓಡುವಾಗ ಹಿಂದಿನಿಂದ ಬೀಸುವ ಕಲ್ಲಿನಂತಹ ಗುಂಯ್ ಸದ್ದು ಬಂದರೆ ಕ್ರೌನ್ ಪಿನಿಯನ್ ದೋಷ. ಇದು ದೊಡ್ಡ ಖರ್ಚು. ಮುಂದಿನ ಗಾಲಿಯ ಒಳಬದಿಯ ರಬ್ಬರ್ ಬೂಟು ಹರಿದು ಗ್ರೀಸ್ ಚೆಲ್ಲಿದ್ದರೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಓಡಿಸಿ ನೋಡಿ. ಟಕಟಕ ಸದ್ದು ಬಂದರೆ ಒಳಗಿನ ಜಾಯಿಂಟ್ ಕೂಡ ಹೋಗಿದೆ.

5. ಅಲಂಕಾರ ಮತ್ತು ಆಟದ ಗಾಡಿ

ಕ್ರೀಡಾ ವಾಹನ ಕೊಂಡವರು ಅದನ್ನು ಇದ್ದ ಹಾಗೆ ಇಡುವುದು ಅಪರೂಪ. ಅಗಲದ ಟೈರು ಹಾಕುತ್ತಾರೆ. ಸ್ಪ್ರಿಂಗ್ ಬದಲಿಸಿ ಎತ್ತರಿಸುತ್ತಾರೆ. ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿಸಿ ಶಕ್ತಿ ಹೆಚ್ಚಿಸುತ್ತಾರೆ. ದೊಡ್ಡ ಟೈರಿನ ಭಾರ ವೀಲ್ ಬೇರಿಂಗ್, ಸ್ಟಿಯರಿಂಗ್ ಜಾಯಿಂಟು, ಆಕ್ಸಲ್ ಮೂರನ್ನೂ ತಿನ್ನುತ್ತದೆ. ಜೊತೆಗೆ ದೊಡ್ಡ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ ಮೀಟರು ನಿಜವಾಗಿ ಓಡಿದ್ದಕ್ಕಿಂತ ಕಡಿಮೆ ತೋರಿಸುತ್ತದೆ. ತಯಾರಕರ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸಕೂಡದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅಪಘಾತವಾದಾಗ ವಿಮೆಯವರು ಇದನ್ನೇ ಹಿಡಿದು ತಕರಾರು ತೆಗೆಯಬಹುದು. ಹೆಚ್ಚುವರಿ ದೀಪಗಳಿಗೆ ವೈರು ಕೊಯ್ದು ಟೇಪು ಸುತ್ತಿದ್ದರೆ ಬೆಂಕಿಯ ಭಯವೂ ಉಂಟು.

ಜಿಪ್ಸಿಯ ವಿಷಯ ಸ್ವಲ್ಪ ಬೇರೆ. 1985ರಲ್ಲಿ ಬಂದು 2019ರಲ್ಲಿ ಸಾರ್ವಜನಿಕರಿಗೆ ನಿಂತುಹೋದ ಈ ಗಾಡಿ ರ‍್ಯಾಲಿಯವರ ಅಚ್ಚುಮೆಚ್ಚು. ಚಿಕ್ಕಮಗಳೂರಿನ ಕಾಫಿ ತೋಟಗಳ ಹಾದಿಯಲ್ಲಿ ರ‍್ಯಾಲಿ ನಡೆದಾಗ ನಮ್ಮಲ್ಲಿ ಎಷ್ಟೋ ಮಂದಿ ಬೇಲಿಯ ಬದಿಯಲ್ಲಿ ನಿಂತು ನೋಡಿದ್ದೇವೆ. ಆದರೆ ಹಾಗೆ ಹಾರಿ ಬಿದ್ದ ಗಾಡಿಯನ್ನು ಮನೆಗೆ ತರುವುದು ಬೇರೆ ಮಾತು. ರ‍್ಯಾಲಿಗೆ ಹಾಕಿದ ಕಬ್ಬಿಣದ ಪಂಜರವನ್ನು ಮಾರುವಾಗ ಕಳಚಿರುತ್ತಾರೆ. ನೆಲದಲ್ಲೂ ಬಾಗಿಲ ಕಂಬದಲ್ಲೂ ಅದರ ಬೋಲ್ಟಿನ ತೂತು, ವೆಲ್ಡಿಂಗ್ ಕಲೆ ಉಳಿದಿರುತ್ತದೆ. ಸ್ಪ್ರಿಂಗ್ ಪ್ಲೇಟು ಚಾಸಿಗೆ ಸೇರುವ ಕಡೆ ಬಿರುಕು ಬಿಟ್ಟಿದೆಯೇ, ವೆಲ್ಡಿಂಗ್ ಹಾಕಿದ್ದಾರೆಯೇ ಎಂದು ತಂತಿ ಬ್ರಷ್ಷಿನಿಂದ ಉಜ್ಜಿ ನೋಡಬೇಕು. ಬಾಗಿದ ಚಾಸಿಯನ್ನು ಯಾವ ಮೇಸ್ತ್ರಿಯೂ ಮೊದಲಿನಂತೆ ಮಾಡಿಕೊಡಲಾರ.

6. ಚಾಸಿ, ಬ್ರೇಕು, ಟೈರು

ಅಡಿಯಲ್ಲಿ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಮೆಚ್ಚಬೇಡಿ, ಏನನ್ನು ಮುಚ್ಚಿದ್ದಾರೆಂದು ಕೇಳಿ. ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟಿ. ಗಟ್ಟಿ ಕಬ್ಬಿಣ ಗಂಟೆಯಂತೆ ಉಲಿಯುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಬೆಂಗಳೂರಿನ ಗಾಡಿಗೆ ತುಕ್ಕು ಕಡಿಮೆ. ಮಂಗಳೂರು, ಕಾಸರಗೋಡಿನ ಕಡಲ ಗಾಳಿಗೆ ನಿಂತ ಗಾಡಿಯಾದರೆ ಹೆಚ್ಚು ಜಾಗ್ರತೆ ಬೇಕು.

ಬ್ರೇಕ್ ಪೆಡಲನ್ನು ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಕಾಲು ಮೆಲ್ಲಗೆ ಕೆಳಗೆ ಇಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ತೇವ ಸೇರಿದ ಆಯಿಲ್ ಚಾರ್ಮಾಡಿ, ಆಗುಂಬೆಯಂತಹ ಇಳಿಜಾರಿನಲ್ಲಿ ಬಿಸಿಗೆ ಕುದ್ದು, ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯದೆ ಹೋಗಬಹುದು. ಯಾವ ಗಾಡಿ ಕೊಂಡರೂ ಊರಿಗೆ ಬಂದ ದಿನವೇ ಇದನ್ನು ಬದಲಿಸುವುದು ಒಳ್ಳೆಯದು.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2219 ಎಂದಿದ್ದರೆ 2019ರ 22ನೇ ವಾರದಲ್ಲಿ ತಯಾರಾದದ್ದು. ಗಾಡಿಗಿಂತ ಟೈರು ಹಳೆಯದಾಗಿದ್ದರೆ ಅದು ಬೇರೆ ಗಾಡಿಯದು. ಒಂದೇ ಬದಿ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಇಲ್ಲವೆ ಆಕ್ಸಲ್ ಬಾಗಿದೆ.

7. ಓಡಿಸಿ ನೋಡುವುದು

ಕೆ.ಆರ್. ಪುರದ ತೂಗು ಸೇತುವೆಯವರೆಗೆ ಹೋಗಿ ಬರುವ ಹತ್ತು ನಿಮಿಷದ ಓಟ ಏನನ್ನೂ ಹೇಳುವುದಿಲ್ಲ. ಒಂದು ಗಂಟೆಯಾದರೂ ಓಡಿಸಬೇಕು, ಏರು ಇರಬೇಕು. ಮಾರುವವರು ಒಪ್ಪಿದರೆ ನಂದಿ ಬೆಟ್ಟದ ರಸ್ತೆ ಒಳ್ಳೆಯ ಪರೀಕ್ಷೆ. ಹತ್ತುವಾಗ ಬಿಸಿಯ ಮುಳ್ಳು ಮೇಲೇರಬಾರದು. ಇಳಿಯುವಾಗ ಎರಡನೆಯ ಗೇರಿನಲ್ಲಿ ಕಾಲು ತೆಗೆದರೆ ಗೇರು ಹಾರಬಾರದು. ಕೀಲಿ ಹಾಕಿದಾಗ ಎಂಜಿನ್, ಏರ್‌ಬ್ಯಾಗ್, ಬ್ರೇಕ್ ಇವುಗಳ ದೀಪ ಒಮ್ಮೆ ಹೊತ್ತಿ ಆರಬೇಕು. ಹೊತ್ತಲೇ ಇಲ್ಲವಾದರೆ ಬಲ್ಬನ್ನೇ ಕಿತ್ತಿರಬಹುದು. ಮೆಕ್ಯಾನಿಕ್ ಬಳಿ ದೋಷ ಓದುವ ಸ್ಕ್ಯಾನರ್ ಇದ್ದರೆ ತಪ್ಪದೆ ಹಾಕಿಸಿ.

8. ಕಾಗದಪತ್ರ

ಇಲ್ಲಿ ಮಾತು ಕಡಿಮೆ, ಕೆಲಸ ಹೆಚ್ಚು. ಚಾಸಿಯ ಮೇಲೆ ಕೆತ್ತಿದ ಸಂಖ್ಯೆ ಆರ್.ಸಿ.ಗೆ ತಾಳೆಯಾಗಬೇಕು. ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 ಬೇಕು. ಫಾರಂ 29 ಮತ್ತು 30ಕ್ಕೆ ಸಹಿ ಪಡೆದು, 14 ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಬೇಕು. ಬೆಂಗಳೂರಿನ ಗಾಡಿಯ ಮೇಲೆ ಸಂಚಾರ ಪೊಲೀಸರ ಹಳೆಯ ದಂಡಗಳು ಬಾಕಿ ಇರುವುದುಂಟು, ವಿಚಾರಿಸಿ. ಸರ್ವಿಸ್ ಬಿಲ್ಲುಗಳನ್ನೂ ಹಿಂದಿನ ವಿಮಾ ಪರಿಹಾರದ ವಿವರವನ್ನೂ ಕೇಳಿ. 15 ವರ್ಷ ದಾಟಿದ ಜಿಪ್ಸಿಯಾದರೆ ನೋಂದಣಿ ನವೀಕರಣವಾಗಿದೆಯೇ ನೋಡದೆ ಹಣ ಕೊಡಬೇಡಿ.

ದೋಷಗಳನ್ನು ತೂಗುವ ಬಗೆ

ಹಳೆಯ ವಾಹನದಲ್ಲಿ ದೋಷವೇ ಇರಬಾರದೆಂದರೆ ಯಾವುದನ್ನೂ ಕೊಳ್ಳಲಾಗದು. ಗೊತ್ತಿರುವ ದೋಷಕ್ಕೆ ಬೆಲೆ ಕಟ್ಟಬಹುದು. ಮುಚ್ಚಿಟ್ಟ ದೋಷಕ್ಕೆ ಕಟ್ಟಲಾಗದು. ನಮ್ಮ ಅನುಭವದಲ್ಲಿ ದೋಷಗಳನ್ನು ಮೂರು ರಾಶಿ ಮಾಡಿಕೊಳ್ಳಬೇಕು.

ಬಿಟ್ಟು ಬರಬೇಕಾದವು: ನೀರಿನಲ್ಲಿ ಮುಳುಗಿದ ಗುರುತು, ಬಾಗಿದ ಅಥವಾ ವೆಲ್ಡಿಂಗ್ ಹಾಕಿದ ಚಾಸಿ, ಹಾಲಿನ ಬಣ್ಣದ ಎಂಜಿನ್ ಆಯಿಲ್, ತಾಳೆಯಾಗದ ಸಂಖ್ಯೆ.

ಚೌಕಾಸಿ ಮಾಡಬೇಕಾದವು: ಸವೆದ ಕ್ಲಚ್ಚು, ಟೈರು, ಕ್ರಾಸ್, ಶಾಕ್ ಅಬ್ಸಾರ್ಬರ್, ಹರಿದ ರಬ್ಬರ್ ಬೂಟು. ದುರಸ್ತಿಯ ಖರ್ಚನ್ನು ಮೊದಲೇ ವಿಚಾರಿಸಿ ಬೆಲೆಯಲ್ಲಿ ಕಳೆಯಬೇಕು.

ಲೆಕ್ಕಿಸಬೇಕಾಗಿಲ್ಲದವು: ಬಣ್ಣದ ಗೀರು, ಹರಿದ ಸೀಟು, ಕೆಟ್ಟ ರೇಡಿಯೋ.

ಪ್ರಸಂಗದ ಸದಸ್ಯರು ಮೂರು ತಿಂಗಳ ಬಳಿಕ ಮತ್ತೆ ಅದೇ ಕಡೆಗೆ, ಕಾಡುಗೋಡಿಗೆ ಹೋದರು. ಈ ಸಲ ಮುಂಗಡ ಕಳುಹಿಸಿರಲಿಲ್ಲ. ಮನೆಯವರೊಬ್ಬರು ಮಾರಲಿಟ್ಟಿದ್ದ ಥಾರ್. ಬಾಗಿಲಲ್ಲಿ ಗೀರು, ಸೀಟಿನಲ್ಲಿ ಮಗು ಚೆಲ್ಲಿದ ಹಾಲಿನ ಕಲೆ. ಆದರೆ ಮೊದಲ ಸರ್ವಿಸಿನಿಂದ ಕೊನೆಯವರೆಗಿನ ಬಿಲ್ಲು ಒಂದು ಕಡತದಲ್ಲಿತ್ತು, ಬಾನೆಟ್ ತಣ್ಣಗಿತ್ತು. "ಕ್ಲಚ್ ಸವೆದಿದೆ, ಮೊದಲೇ ಹೇಳಿಬಿಡುತ್ತೇನೆ" ಎಂದು ಒಡೆಯರೇ ಹೇಳಿದರು. ಕ್ಲಚ್ಚಿನ ಖರ್ಚು ಕಳೆದು ಬೆಲೆ ತೀರ್ಮಾನವಾಯಿತು. ಆ ಜೀಪು ಈ ಸಲದ ಕೊಯ್ಲಿನಲ್ಲಿ ಹಣ್ಣು ಹೊತ್ತಿದೆ. ಕಳೆದ ಮಳೆಗಾಲದಲ್ಲಿ ಎರಡು ಬಾರಿ ರಾತ್ರಿ ಹೊತ್ತು ಆಸ್ಪತ್ರೆಗೂ ಹೋಗಿ ಬಂದಿದೆ.

ಬೆಂಗಳೂರಿಗೆ ವಾಹನ ನೋಡಲು ಹೊರಟ ಸದಸ್ಯರು ಹಣ ಕೊಡುವ ಮುನ್ನ ಸಂಘದ ಕಚೇರಿಗೆ ತಿಳಿಸಿದರೆ, ಜೊತೆಗೆ ಬರಬಲ್ಲ ಮೆಕ್ಯಾನಿಕ್ಕಿನ ವಿವರ ಕೊಡುತ್ತೇವೆ. ಅವರ ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು ನಿಮಗೆ ಭಾರವಾಗದು. ಈ ಹಾಳೆಯನ್ನು ಕತ್ತರಿಸಿ ಜೊತೆಗೆ ಒಯ್ಯಿರಿ. ಟಾರ್ಚು, ಸಣ್ಣ ಸುತ್ತಿಗೆ ಮತ್ತು ಹಳೆಯ ಬಟ್ಟೆಯೊಂದು ಚೀಲದಲ್ಲಿರಲಿ.